ಸರ್ವೇ ನಂಬರ್ ಇಲ್ಲದವರನ್ನೂ ಲೆಕ್ಕಕ್ಕೆ ತಗೊಳ್ಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಬಿಡದೆ ಓದುತ್ತಿದ್ದೇನೆ. ಕನಕಪುರ ರಸ್ತೆಯ ಕಡೆ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ ಒಂದು ಜಾಗ ಗುರುತಿಸಿದ್ದಾರೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರನ್ನೂ ನೋಡಿಕೊಂಡು ಹೋಯಿತು. ಎಲ್ಲಿಂದ ಎಲ್ಲಿಗೆ ಎಷ್ಟು ಹೊತ್ತಾಗುತ್ತೆ, ಮೆಟ್ರೊ ಬರುತ್ತಾ, ಹೊಸೂರಿನಲ್ಲಿ ತಮಿಳುನಾಡಿನವರು ಮೊದಲು ಕಟ್ಟಿಬಿಡುತ್ತಾರಾ ಅಂತ ಜನ ಬರೆಯುತ್ತಿದ್ದಾರೆ. ಅದೆಲ್ಲ ಬೇಕಾದ ಮಾತೇ. ಆದರೆ ಮೊದಲನೇ ನಿಲ್ದಾಣದ ಬೇಲಿ ಪಕ್ಕದಲ್ಲಿ ಇರುವ ನಾವು ಹೇಳಬೇಕಾದ ಮಾತೂ ಒಂದಿದೆ. ಅದನ್ನು ಬರೆಯೋಣ ಅಂತ ಕೂತಿದ್ದೇನೆ.

ನಾನು ದೇವನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಹಾಲು ಡೈರಿಯ ಕಾರ್ಯದರ್ಶಿ. ಈ ಕೆಲಸಕ್ಕೆ ಬಂದು 22 ವರ್ಷ ಆಯಿತು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ಲೆಕ್ಕ ಬರೆಯುವುದು ನನ್ನ ಕೆಲಸ. ಊರಿನ ಸ್ಥಿತಿ ಹೇಗಿದೆ ಅಂತ ಪಂಚಾಯಿತಿಗಿಂತ ಮೊದಲು ಡೈರಿಗೆ ಗೊತ್ತಾಗುತ್ತದೆ. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಹಸು ಮಾರಿದರು, ಎಲ್ಲ ಆ ವಹಿಯಲ್ಲೇ ಇರುತ್ತದೆ.

ಹೋದ ತಿಂಗಳು ನೆಲಮಂಗಲ–ಕುಣಿಗಲ್ ರಸ್ತೆಯ ಸೋಲೂರು ಕಡೆ ನಮ್ಮ ನಾದಿನಿಯ ಊರಿಗೆ ಗೃಹಪ್ರವೇಶಕ್ಕೆ ಹೋಗಿದ್ದೆ. ನಾನು ದೇವನಹಳ್ಳಿಯವಳು ಅಂತ ಗೊತ್ತಾಗಿದ್ದೇ ತಡ, ಪಂಕ್ತಿಯಲ್ಲಿ ಕೂತ ಗಂಡಸರೆಲ್ಲ ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ನಿಮ್ ಕಡೆ ಎಕರೆಗೆ ಎಷ್ಟ್ ಕೊಟ್ರು? ಈಗ ರೇಟ್ ಎಷ್ಟೈತೆ?" ನಾನು ಗೊತ್ತಿದ್ದಷ್ಟು ಹೇಳಿದೆ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬ ಅಜ್ಜಿ ಮೆಲ್ಲಗೆ ಕೇಳಿದರು. "ಅಲ್ಲ ಕಣವ್ವ, ಅಷ್ಟೂ ಭೂಮಿಗೆ ಬೇಲಿ ಹಾಕಿದ್ಮೇಲೆ ಹಸೀಗೆ ಹುಲ್ಲು ಎಲ್ಲಿಂದ ತತ್ತೀರಾ?"

ನನ್ನ ಬಾಯಲ್ಲಿ ಉತ್ತರ ಬರಲಿಲ್ಲ. ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ಈ ಪತ್ರ ಆ ಅಜ್ಜಿಗೆ ನಾನು ಕೊಡಬೇಕಿದ್ದ ಉತ್ತರ.

ನಮ್ಮ ಕಡೆ ನಿಲ್ದಾಣಕ್ಕೆ ಹೋಗಿದ್ದು ಸುಮಾರು 4 ಸಾವಿರ ಎಕರೆ. 2005ರಲ್ಲಿ ಕೆಲಸ ಶುರುವಾಯಿತು, 2008ರ ಮೇ 24ರಂದು ನಿಲ್ದಾಣ ಶುರುವಾಯಿತು. ಭೂಮಿ ಇದ್ದವರಿಗೆ ದುಡ್ಡು ಬಂತು. ಕಡಿಮೆ ಬಂತು, ತಡವಾಗಿ ಬಂತು, ಆದರೂ ಬಂತು. ಆದರೆ ಹಳ್ಳಿಯಲ್ಲಿ ಒಂದು ಎಕರೆ ಹೊಲ ಇದ್ದರೆ ಅದರಿಂದ ಬದುಕುವವರು ಆ ಹೊಲದ ಯಜಮಾನರು ಮಾತ್ರ ಅಲ್ಲ ಅಲ್ವಾ? ಬದುವಿನ ಹುಲ್ಲು ಯಾರು ಬೇಕಾದರೂ ಕೊಯ್ದುಕೊಂಡು ಹೋಗುತ್ತಿದ್ದರು. ರಾಗಿ ನಡುವೆ ಬಿತ್ತುವ ಅಕ್ಕಡಿ ಸಾಲಿನ ಜೋಳದ ಕಡ್ಡಿ, ಅವರೆ ಸೊಪ್ಪು ಕೇಳಿದರೆ ಕೊಡುತ್ತಿದ್ದರು. ರಾಗಿ ಕಣದಲ್ಲಿ ಕೈ ಸೇರಿಸಿದವರಿಗೆ ಕಾಳಿನ ಜೊತೆ ಎರಡು ಹೊರೆ ಹುಲ್ಲು ಸುಮ್ನೆ ಸಿಗುತ್ತಿತ್ತು. ಬೇಸಿಗೆಯಲ್ಲಿ ಕೆರೆ ಅಂಗಳ ಇತ್ತು, ವರ್ಷವಿಡೀ ಊರಿನ ದನ ಮೇಯುವ ಗೋಮಾಳ ಇತ್ತು. ಒಂದು ಗುಂಟೆ ಜಮೀನಿಲ್ಲದ ಹೆಂಗಸು ಎರಡು ಸೀಮೆಹಸು ಕಟ್ಟಿಕೊಂಡು ಮಕ್ಕಳನ್ನು ಓದಿಸುತ್ತಿದ್ದಳು ಅಂದರೆ ಅದಕ್ಕೆ ಇದೇ ಕಾರಣ.

ಡೈರಿಯಲ್ಲಿ ನಾವು ಸದಸ್ಯರನ್ನು ನಂಬರಿನಿಂದಲೇ ಕರೆಯುವುದು. ಹೆಸರು ಬರೆದರೆ ಅವರಿಗೆ ಮುಜುಗರ ಆಗಬಹುದು, ಅದಕ್ಕೆ ಇಲ್ಲೂ ನಂಬರೇ ಬರೆಯುತ್ತೇನೆ. ನಮ್ಮಲ್ಲಿ 47ನೇ ನಂಬರಿನ ಅಕ್ಕ ಒಬ್ಬರಿದ್ದರು. ಗಂಡ ಇಲ್ಲ, ಜಮೀನಿಲ್ಲ, ಎರಡು ಹಸು. ಬೆಳಗಿನ ಹಾಲಿಗೆ ಮೊದಲು ಬರುತ್ತಿದ್ದವರೇ ಅವರು. ಒಂಬತ್ತು ಲೀಟರು, ಕೆಲವು ದಿನ ಹತ್ತು. ಅವರ ಹಾಲಿನ ಫ್ಯಾಟ್ ಯಾವತ್ತೂ ಕಡಿಮೆ ಬಂದಿದ್ದಿಲ್ಲ. ಹಾಲು ಹಾಕಿ, ಅಲ್ಲಿಂದಲೇ ಕುಡುಗೋಲು ಹಿಡಿದು ಹೊಲದ ಕಡೆ ಹೋಗಿಬಿಡುತ್ತಿದ್ದರು.

ಮೊದಲು ನಿಲ್ದಾಣದ ಬೇಲಿ ಬಂತು. ಗೋಮಾಳ ಅದರೊಳಗೆ ಹೋಯಿತು. ಆಮೇಲೆ ಉಳಿದ ಹೊಲಗಳಿಗೆ ಲೇಔಟಿನ ಕಲ್ಲು ನೆಟ್ಟರು, ಕಾಂಪೌಂಡ್ ಹಾಕಿದರು. ಹೊಲ ಮಾರಿದವರು ಉಳುವುದು ಬಿಟ್ಟರು. ಉಳುಮೆ ಇಲ್ಲದ ಮೇಲೆ ರಾಗಿ ಹುಲ್ಲು ಎಲ್ಲಿಂದ ಬರಬೇಕು? ಮೊದಲು ಊರಿನ ಹಿಂದೆ ಸಾಲಾಗಿ ಬಣವೆಗಳು ಇರುತ್ತಿದ್ದವು. ಈಗ ಒಣಹುಲ್ಲು ಬೇರೆ ತಾಲ್ಲೂಕಿನಿಂದ ಲಾರಿಯಲ್ಲಿ ಬರುತ್ತದೆ, ದುಡ್ಡು ಕೊಟ್ಟು ಕೊಳ್ಳಬೇಕು. ಹಿಂಡಿ, ಬೂಸಾ ಮೊದಲೇ ದುಡ್ಡಿನ ಬಾಬತ್ತು. ಹುಲ್ಲನ್ನೂ ಕೊಂಡರೆ ಎರಡು ಹಸುವಿನ ಹಾಲಿನಲ್ಲಿ ಏನೂ ಗಿಟ್ಟುವುದಿಲ್ಲ. ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಟ್ಟರೂ ಗಿಟ್ಟುವುದಿಲ್ಲ.

47ನೇ ನಂಬರಿನವರು ಮೊದಲು ಒಂದು ಹಸು ಮಾರಿದರು. ಒಂಬತ್ತು ಲೀಟರು ನಾಲ್ಕೂವರೆಗೆ ಇಳಿಯಿತು. ಎರಡನೆಯದು ಗಬ್ಬ ಇತ್ತು, ಕರು ಹಾಕಲಿ ಅಂತ ಕಾದರು. 2011ರ ಬೇಸಿಗೆಯಲ್ಲಿ ಅದನ್ನೂ ಕರುವಿನ ಸಮೇತ ಕೊಟ್ಟರು. ಆ ಬೆಳಿಗ್ಗೆ ಖಾಲಿ ಕ್ಯಾನು ಹಿಡಿದುಕೊಂಡು ಡೈರಿಗೆ ಬಂದಿದ್ದರು. "ಅಭ್ಯಾಸ ಕಣಮ್ಮ, ಕಾಲು ಎಳ್ಕಂಡ್ ಬಂತು" ಅಂದರು. ವಹಿಯಲ್ಲಿ ಅವರ ನಂಬರಿನ ಎದುರು ನಾನು ಗೀಟು ಎಳೆದೆ. ಆ ವಹಿ ಇನ್ನೂ ನಮ್ಮ ಕಪಾಟಿನಲ್ಲಿದೆ.

ಈಗ ಅವರು ಕಂಟ್ರಾಕ್ಟರ್ ಕಡೆಯಿಂದ ಹೆದ್ದಾರಿ ಪಕ್ಕದ ಹುಲ್ಲುಹಾಸು ಕತ್ತರಿಸುವ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ಐದೂವರೆಗೆ ವ್ಯಾನು ಬರುತ್ತದೆ. ಒಂದು ಸಲ ನಾನೇ ಕೇಳಿದೆ, "ಆ ಹುಲ್ಲು ಏನ್ ಮಾಡ್ತಾರೆ ಅಕ್ಕಾ?" "ಮೂಟೆ ಕಟ್ಟಿ ಎಸೀತಾರೆ. ಔಷಧಿ ಹೊಡ್ದಿರ್ತಾರೆ, ದನೀಗೆ ಹಾಕಂಗಿಲ್ಲ" ಅಂದರು.

ಪರಿಹಾರದ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಪಟ್ಟಿ ಮಾಡುವುದು ಸರ್ವೇ ನಂಬರಿನ ಮೇಲೆ. ಅವರ ಹತ್ತಿರ ಇದ್ದದ್ದು ಡೈರಿ ನಂಬರು ಮಾತ್ರ.

ಇದು ಒಬ್ಬರ ಕತೆ ಅಲ್ಲ ಸಾರ್. ನಾನು ಕೆಲಸಕ್ಕೆ ಬಂದಾಗ ಬೆಳಗಿನ ಹೊತ್ತು ನಮ್ಮ ಡೈರಿಯಿಂದ 40 ಲೀಟರಿನ 16 ಕ್ಯಾನು ಹಾಲು ಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಹೋಗಿದ್ದು 5 ಕ್ಯಾನು. ಆಗ ಹಾಲು ಹಾಕುತ್ತಿದ್ದ ಮನೆಗಳು 118, ಈಗ 31. ಬಿಟ್ಟುಹೋದ 87 ಮನೆಗಳ ಪೈಕಿ ಎಷ್ಟಕ್ಕೆ ಜಮೀನಿತ್ತು ಅಂತ ಮೊನ್ನೆ ಕೂತು ಎಣಿಸಿದೆ. ಅರ್ಧಕ್ಕಿಂತ ಜಾಸ್ತಿ ಮನೆಗೆ ಅರ್ಧ ಎಕರೆಯೂ ಇರಲಿಲ್ಲ.

ಒಳ್ಳೆಯದೇ ಆಗಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ನಮ್ಮೂರಿನ ಹೆಣ್ಣುಮಕ್ಕಳು ಹದಿನೈದು ಇಪ್ಪತ್ತು ಜನ ನಿಲ್ದಾಣದ ಒಳಗೆ, ಹೊರಗೆ ಕೆಲಸಕ್ಕೆ ಹೋಗುತ್ತಾರೆ. ಅವರ ಕೈಗೆ ತಿಂಗಳ ಸಂಬಳ ಬರುತ್ತದೆ. ಹುಡುಗರು ಟ್ಯಾಕ್ಸಿ ಓಡಿಸುತ್ತಾರೆ. ರಸ್ತೆ ಚೆನ್ನಾಗಾಗಿದೆ, ರಾತ್ರಿ ಹೊತ್ತು ಬಸ್ಸಿದೆ. ವರ್ಷಕ್ಕೆ 4 ಕೋಟಿಗಿಂತ ಜಾಸ್ತಿ ಜನ ಓಡಾಡುವ ನಿಲ್ದಾಣ ಪಕ್ಕದಲ್ಲಿದ್ದರೆ ಕೆಲಸ ಇದ್ದೇ ಇರುತ್ತದೆ. ಆದರೆ ಆ ಕೆಲಸ ಸಿಕ್ಕಿದ್ದು ಇಪ್ಪತ್ತರ ಮಕ್ಕಳಿಗೆ. ಹಸು ಕಳೆದುಕೊಂಡದ್ದು ಐವತ್ತರ ಹೆಂಗಸರು. ಒಬ್ಬರ ಗಳಿಕೆಯಿಂದ ಇನ್ನೊಬ್ಬರ ನಷ್ಟ ತುಂಬುವುದಿಲ್ಲ.

ಇನ್ನು ಸದ್ದಿನ ವಿಚಾರ. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತೆ, ಎದುರಾಗಿಯೇ ಏರುತ್ತೆ. ನಮ್ಮಲ್ಲಿ ರನ್‌ವೇ ಇರುವುದು ಮೂಡಲಿಂದ ಪಡುವಲಿಗೆ. ನಮ್ಮೂರು ಮೂಡಲ ಕಡೆ. ಆಷಾಢದ ಗಾಳಿ ಪಡುವಲಿಂದ ಬೀಸಿದಾಗ ಇಳಿಯುವ ವಿಮಾನಗಳು ನಮ್ಮ ತಲೆ ಮೇಲೆ ಬರುತ್ತವೆ, ಚಕ್ರ ಬಿಚ್ಚಿರುವುದು ಕಾಣುವಷ್ಟು ಕೆಳಗೆ. ಕಾರ್ತಿಕ ಕಳೆದು ಮೂಡಲ ಗಾಳಿ ತಿರುಗಿದರೆ ಏರುವ ವಿಮಾನಗಳ ಸರದಿ. ಅದರ ಸದ್ದೇ ಬೇರೆ, ಕಿಟಕಿ ಗಾಜು ಗಡಗಡ ಅನ್ನುತ್ತದೆ. ಮೊದಲು ಒಂದೇ ರನ್‌ವೇ ಇತ್ತು. 2019ರ ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಎರಡನೆಯದು ಶುರುವಾದ ಮೇಲೆ, ಅಲ್ಲಿಯ ತನಕ ನೆಮ್ಮದಿಯಾಗಿದ್ದ ಊರುಗಳಿಗೂ ನಮ್ಮ ಪಾಡೇ ಬಂತು. ಹಗಲು ರಾತ್ರಿ ಅಂತ ಇಲ್ಲ, ಎರಡೂವರೆಗೂ ಬರುತ್ತೆ, ಮೂರಕ್ಕೂ ಬರುತ್ತೆ.

ಡೈರಿಯಲ್ಲಿ ಹಾಲು ಅಳೆಯುವಾಗ ವಿಮಾನ ಬಂದರೆ ಮಾತು ನಿಲ್ಲಿಸುತ್ತೇವೆ. ಫ್ಯಾಟ್ ಎಷ್ಟು ಅಂತ ಕೇಳಿದವರಿಗೆ ನಾನು ಬೆರಳಲ್ಲಿ ತೋರಿಸುತ್ತೇನೆ. ಮೊದಲು ಮೂರು ಬೆರಳು, ಆಮೇಲೆ ಎಂಟು. ಮೂರು ಪಾಯಿಂಟ್ ಎಂಟು. ಅವರು ತಲೆಯಾಡಿಸಿ ಹೋಗುತ್ತಾರೆ. ಊರಿನ ಮಕ್ಕಳಿಗೆ ಇದು ಹುಟ್ಟಿನಿಂದಲೇ ರೂಢಿ. ಅಂಗನವಾಡಿ ಮಗುವೂ ಮಾತು ಅರ್ಧಕ್ಕೆ ನಿಲ್ಲಿಸಿ, ವಿಮಾನ ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತದೆ. ಹಸುಗಳೂ ಆರೇಳು ತಿಂಗಳಲ್ಲಿ ಒಗ್ಗಿಕೊಂಡವು. ನನ್ನ ಅತ್ತೆ ಮಾತ್ರ ಸಾಯುವ ತನಕ ಒಗ್ಗಿಕೊಳ್ಳಲಿಲ್ಲ. ಕಡೆಯ ಎರಡು ವರ್ಷ ಅವರು ರಾತ್ರಿ ಪೂರಾ ನಿದ್ದೆ ಮಾಡಿದ್ದನ್ನು ನಾನು ನೋಡಲಿಲ್ಲ.

ಕಾನೂನಿನ ಪ್ರಕಾರ ಜನವಸತಿ ಪ್ರದೇಶದಲ್ಲಿ ರಾತ್ರಿ ಸದ್ದು 45 ಡೆಸಿಬಲ್ ಮೀರಬಾರದು. ಆದರೆ 2018ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ವಿಮಾನ ನಿಲ್ದಾಣದ ಸದ್ದಿನ ವಲಯಕ್ಕೆ ಅಂತಲೇ ಬೇರೆ ಮಿತಿ ಮಾಡಿತು. ದೊಡ್ಡ ನಿಲ್ದಾಣಗಳ ಸುತ್ತ ರಾತ್ರಿ ಹೊತ್ತು 65ರ ತನಕ ಬಿಡುತ್ತಾರೆ. ಇಪ್ಪತ್ತು ತಾನೇ ಜಾಸ್ತಿ ಅಂತ ನಾನು ಅಂದುಕೊಂಡಿದ್ದೆ. ಡೆಸಿಬಲ್ ಲೆಕ್ಕದಲ್ಲಿ 20 ಏರಿದರೆ ಶಬ್ದದ ಶಕ್ತಿ 100 ಪಟ್ಟು ಅಂತ ಇಂಜಿನಿಯರಿಂಗ್ ಓದುವ ನನ್ನ ತಂಗಿ ಮಗ ಬಿಡಿಸಿ ಹೇಳಿದ. ಸೋಲೂರು, ಹಾರೋಹಳ್ಳಿ, ಸೋಮನಹಳ್ಳಿ ಕಡೆಯವರಿಗೆ ಇದನ್ನು ಯಾರಾದರೂ ಹೇಳಿದ್ದಾರಾ? ರನ್‌ವೇ ಯಾವ ದಿಕ್ಕಿಗೆ ಬರುತ್ತೆ, ಯಾವ ಊರಿನ ಮೇಲೆ ಇಳಿಯುತ್ತೆ, ಯಾವ ಊರಿನ ಮೇಲೆ ಏರುತ್ತೆ ಅನ್ನುವ ನಕ್ಷೆಯನ್ನು ಜಾಗ ಅಖೈರು ಮಾಡುವ ಮೊದಲೇ ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಮೈಗೆ ಗೊತ್ತಾಗುವ ಮೊದಲು ಕಣ್ಣಿಗೆ ಗೊತ್ತಾಗಲಿ. ಬೇಲಿಯ ಒಳಗಿನವರಿಗೆ ನೋಟಿಸ್ ಬರುತ್ತದೆ. ಹೊರಗೆ ಉಳಿಯುವವರಿಗೆ ಒಂದು ಚೀಟಿಯೂ ಬರುವುದಿಲ್ಲ. ನಮಗೆ ಬಂದಿರಲಿಲ್ಲ.

ಭೂಮಿ ಇರುವವರಿಗೂ ಒಂದು ಮಾತು ಹೇಳಬೇಕು, ನಮ್ಮ ಮನೆಯಲ್ಲೇ ಅನುಭವಿಸಿದ್ದು. ನಮ್ಮದು ಒಂದೂವರೆ ಎಕರೆ ಹೋಯಿತು. ಪಹಣಿ ಇನ್ನೂ ನಮ್ಮ ಮಾವನ ತಂದೆಯ ಹೆಸರಿನಲ್ಲಿತ್ತು. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿರಲಿಲ್ಲ, ಅಣ್ಣತಮ್ಮಂದಿರ ಭಾಗ ಬಾಯಿಮಾತಿನಲ್ಲಿ ಆಗಿತ್ತು. ಪರಿಹಾರದ ದುಡ್ಡು ಬರಲು ಆರು ವರ್ಷ ಹಿಡಿಯಿತು. ಒಂದು ಕಚೇರಿಗೆ ನಮ್ಮ ಯಜಮಾನರು ಎಷ್ಟು ಸಲ ಹೋಗಿ ಬಂದರೋ ಲೆಕ್ಕ ಇಲ್ಲ. ಅಷ್ಟರಲ್ಲಿ ನಾಲ್ಕು ಮನೆಗಳ ನಡುವೆ ಮಾತು ನಿಂತುಹೋಗಿತ್ತು. ಮನೆಗೊಬ್ಬರಿಗೆ ಕೆಲಸ ಅಂತ ಆಗ ಊರಿಗೆ ಬಂದವರು ಹೇಳಿದ್ದರು, ಆ ಮಾತು ಎಲ್ಲೂ ಕಾಗದದ ಮೇಲೆ ಇರಲಿಲ್ಲ. ನೆಲಮಂಗಲ, ಕನಕಪುರ ಕಡೆಯ ಅಣ್ಣಂದಿರೇ, ನಿಲ್ದಾಣ ಬರಲಿ ಬಿಡಲಿ, ಈ ವರ್ಷವೇ ಪೌತಿ ಖಾತೆ ಮಾಡಿಸಿ, ಭಾಗ ಅಳೆಸಿ ಬೇರೆ ಬೇರೆ ನಂಬರಿಗೆ ಪೋಡಿ ಮಾಡಿಸಿ, ಅಕ್ಕತಂಗಿಯರ ಹೆಸರೂ ಸೇರಿಸಿ. ಬಗರ್ ಹುಕುಂ ಜಮೀನು, ಅಂದರೆ ಮಂಜೂರಾಗದ ಸರ್ಕಾರಿ ಜಮೀನು, ಉಳುತ್ತಿರುವವರು ಅರ್ಜಿಯ ಪ್ರತಿ ಜೋಪಾನವಾಗಿ ಇಟ್ಟುಕೊಳ್ಳಿ.

ಈಗ ನಾನು ಮುಖ್ಯವಾಗಿ ಕೇಳಲು ಹೊರಟ ವಿಷಯಕ್ಕೆ ಬರುತ್ತೇನೆ.

2013ರ ಭೂಸ್ವಾಧೀನ ಕಾಯ್ದೆಯನ್ನು ಹೋದ ವರ್ಷ ನಾನು ಕನ್ನಡದಲ್ಲಿ ತರಿಸಿ ಓದಿದೆ. ನಮ್ಮ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಭೂಸ್ವಾಧೀನ ವಿರೋಧಿ ಹೋರಾಟದಲ್ಲಿ ಕೂತಿದ್ದ ಹೆಂಗಸರು ಅದರ ಬಗ್ಗೆ ಮಾತಾಡುವುದನ್ನು ಕೇಳಿದ ಮೇಲೆ ನನಗೂ ಓದಬೇಕು ಅನ್ನಿಸಿತ್ತು. ಆ 13 ಹಳ್ಳಿಗಳ ಜನ ಸಾವಿರಕ್ಕೂ ಜಾಸ್ತಿ ದಿನ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಹೇಳಿತು. ನಾನೂ ಎರಡು ದಿನ ಹೋಗಿ ಕೂತಿದ್ದೆ. ಬೆಂಗಳೂರಿಗೆ ಹಾಲು, ತರಕಾರಿ, ರೇಷ್ಮೆ, ಹಣ್ಣು ಕೊಡುವ ಭೂಮಿ ಅದು. ಅದು ಉಳಿದದ್ದು ನಮಗೆಲ್ಲ ದೊಡ್ಡ ಸಮಾಧಾನ.

ಆ ಕಾಯ್ದೆಯಲ್ಲಿ "ಬಾಧಿತ ಕುಟುಂಬ" ಅಂದರೆ ಯಾರು ಅಂತ ಬರೆದಿದ್ದಾರೆ. ಭೂಮಿ ಇಲ್ಲದಿದ್ದರೂ, ಸ್ವಾಧೀನಕ್ಕೆ ಮುಂಚೆ ಮೂರು ವರ್ಷದಿಂದ ಆ ಪ್ರದೇಶದಲ್ಲಿ ದುಡಿಯುತ್ತಿದ್ದು, ಸ್ವಾಧೀನದಿಂದ ಜೀವನೋಪಾಯಕ್ಕೆ ಪೆಟ್ಟು ಬೀಳುವವರೂ ಬಾಧಿತರೇ. ಕೂಲಿಯವರು, ಗೇಣಿಯವರು, ಪಾಲಿಗೆ ಮಾಡುವವರು, ಕುಶಲಕರ್ಮಿಗಳು. ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಜನರ ಅಹವಾಲು ಕೇಳಬೇಕು, ವರದಿ ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಗೆ ಬರಬೇಕು ಅಂತಲೂ ಇದೆ. ಇದನ್ನು ಓದಿದಾಗ ನನಗೆ 47ನೇ ನಂಬರಿನ ಅಕ್ಕ ನೆನಪಾದರು. ನಮ್ಮ ಕಾಲಕ್ಕೆ ಈ ಕಾಯ್ದೆ ಇರಲಿಲ್ಲ. ಈಗ ಇದೆ.

ಆದರೆ ನಮ್ಮ ರಾಜ್ಯದಲ್ಲಿ ಇಂಥ ದೊಡ್ಡ ಯೋಜನೆಗಳಿಗೆ ಜಾಸ್ತಿ ಬಳಸುವುದು 1966ರ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಕಾಯ್ದೆಯನ್ನು. ಅದರಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಅನ್ನುವುದೇ ಇಲ್ಲ. ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ಅಂತಿಮ ಅಧಿಸೂಚನೆ, ಅಷ್ಟೇ. ಎರಡನೇ ನಿಲ್ದಾಣಕ್ಕೆ ಸುಮಾರು 5 ಸಾವಿರ ಎಕರೆ ಬೇಕು ಅನ್ನುತ್ತಿದ್ದಾರೆ. ಅದನ್ನು ಯಾವ ಕಾಯ್ದೆಯಲ್ಲಿ ತೆಗೆದುಕೊಂಡರೂ, ಭೂಮಿಯಿಲ್ಲದವರ ಅಧ್ಯಯನ ಆಗಲೇಬೇಕು ಅಂತ ಸರ್ಕಾರ ಈಗಲೇ ಹೇಳಲಿ. ಅದನ್ನೇ ನಾನು ಕೇಳುತ್ತಿರುವುದು.

"ಯಾರು ಯಾರ ಹೊಲದ ಹುಲ್ಲು ಕೊಯ್ತಿದ್ರು ಅನ್ನೋದಕ್ಕೆ ದಾಖಲೆ ಎಲ್ಲಿದೆ?" ಅಂತ ಅಧಿಕಾರಿಗಳು ಕೇಳಬಹುದು. ದಾಖಲೆ ಇದೆ. ಹಾಲು ಉತ್ಪಾದಕರ ಸಂಘ ಇರುವ ಊರಿನಲ್ಲೆಲ್ಲ ಇದೆ. ಯಾವ ಮನೆಯವರು ಯಾವ ದಿನ ಎಷ್ಟು ಹಾಲು ಹಾಕಿದರು, ಎಷ್ಟು ದುಡ್ಡು ಬಂತು ಅನ್ನುವುದು ದಿನಕ್ಕೆ ಎರಡು ಸಲ ಬರೆದ ಲೆಕ್ಕ. ಈಗಂತೂ ದುಡ್ಡು ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಮೂರು ವರ್ಷದ ಲೆಕ್ಕ ತೆಗೆದು, ಪಹಣಿಯ ಪಕ್ಕ ಇಟ್ಟು ನೋಡಲಿ. ಪಹಣಿಯಲ್ಲಿ ಹೆಸರಿಲ್ಲದೆ ಡೈರಿಯಲ್ಲಿ ಹೆಸರಿದ್ದರೆ, ಆ ಮನೆ ಬೇರೆಯವರ ಹೊಲ, ಗೋಮಾಳ, ಕೆರೆ ಅಂಗಳದ ಮೇಲೆ ಬದುಕುತ್ತಿದೆ ಅಂತ ಅರ್ಥ. ಒಬ್ಬ ಗ್ರಾಮ ಆಡಳಿತಾಧಿಕಾರಿ, ಒಬ್ಬ ಡೈರಿ ಕಾರ್ಯದರ್ಶಿ ಜೊತೆಗೆ ಕೂತರೆ ಎರಡು ದಿನದ ಕೆಲಸ. ನನ್ನನ್ನು ಕರೆದರೆ ಹೇಗೆ ಮಾಡುವುದು ಅಂತ ನಾನೇ ಬಂದು ತೋರಿಸುತ್ತೇನೆ.

ಕುರಿ ಮೇಯಿಸುವವರು ಡೈರಿ ವಹಿಯಲ್ಲಿ ಸಿಗುವುದಿಲ್ಲ. ಅವರನ್ನು ಊರಿನವರನ್ನೇ ಕೇಳಿ ಬರೆದುಕೊಳ್ಳಬೇಕು. ಗೋಮಾಳ ಹೋದರೆ ಅದರ ಬದಲಿಗೆ ಬೇಲಿಯ ಹೊರಗೆ ಅಷ್ಟೇ ಮೇವಿನ ಜಾಗ ಊರಿನ ಹೆಸರಿಗೆ ಬಿಡಬೇಕು. ದುಡ್ಡು ಕೊಟ್ಟರೆ ಸಾಲದು, ಹುಲ್ಲು ಬೆಳೆಯುವ ನೆಲ ಬೇಕು. ಕೆರೆಗೆ ನೀರು ಬರುವ ಕಾಲುವೆಗಳನ್ನು ನೆಲ ಮಟ್ಟ ಮಾಡುವ ಮೊದಲೇ ಗುರುತು ಹಾಕಬೇಕು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿ ಆ ಕಡೆಯದೇ ನದಿ, ಅದು ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸೇರಬೇಕಾದ ನೀರು. ಕನಕಪುರ ರಸ್ತೆಯ ಕಡೆ ಬನ್ನೇರುಘಟ್ಟದ ಕಾಡು, ಆನೆಗಳು ಇವೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಇದ್ದಾರೆ.

ಇಷ್ಟೆಲ್ಲ ಮಾಡಲು ಸಮಯ ಇಲ್ಲ ಅಂತ ಹೇಳುವ ಹಾಗಿಲ್ಲ. ಈಗಿನ ನಿಲ್ದಾಣದ ಒಪ್ಪಂದದ ಪ್ರಕಾರ, ಅದು ಶುರುವಾಗಿ 25 ವರ್ಷ ತುಂಬುವ ತನಕ, ಅಂದರೆ 2033ರ ಮೇ ತನಕ, 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಕಟ್ಟಲು ನಾಲ್ಕೈದು ವರ್ಷ ಹಿಡಿದರೂ, ಊರೂರಿಗೆ ಹೋಗಿ ಕೂತು ಕೇಳಲು ಬೇಕಾದಷ್ಟು ಸಮಯ ಇದೆ. ಆ ಸಭೆ ಬೆಂಗಳೂರಿನ ಹೋಟೆಲಿನಲ್ಲಿ ಬೇಡ. ಊರಿನ ಅರಳಿಕಟ್ಟೆ ಹತ್ತಿರ, ಹಾಲು ಹಾಕಿ ಮುಗಿಸಿದ ಮೇಲೆ, ಬೆಳಿಗ್ಗೆ ಎಂಟೂವರೆಗೆ ಇಟ್ಟುಕೊಳ್ಳಲಿ. ಆಗ ಹೆಂಗಸರೂ ಬರುತ್ತಾರೆ. ಹನ್ನೊಂದಕ್ಕೆ ಇಟ್ಟರೆ ಬರೀ ಗಂಡಸರು, ಮಧ್ಯಾಹ್ನ ಮೂರಕ್ಕೆ ಇಟ್ಟರೆ ಮತ್ತೆ ಹಾಲು ಕರೆಯುವ ಹೊತ್ತಾಗಿಬಿಡುತ್ತದೆ.

ಈ ಪತ್ರ ಪ್ರಕಟವಾದರೆ ಒಂದು ಪ್ರತಿಯನ್ನು ಸೋಲೂರಿನ ಕಡೆಗೆ ಕಳಿಸುತ್ತೇನೆ. ನಾದಿನಿಯ ಮಗನಿಗೆ ಹೇಳಿದ್ದೇನೆ, ಆ ಅಜ್ಜಿಗೆ ಅವನು ಓದಿ ಹೇಳುತ್ತಾನೆ. ಅವರ ಮನೆಯಲ್ಲಿ ಒಂದು ಹಸು, ಒಂದು ಕಡಸು ಇದೆಯಂತೆ. ಜಮೀನು ಇಲ್ಲವಂತೆ.

ಇಂತಿ ವಿಶ್ವಾಸಿ,
ಹಾಲು ಉತ್ಪಾದಕರ ಸಂಘವೊಂದರ ಕಾರ್ಯದರ್ಶಿ,
ದೇವನಹಳ್ಳಿ ತಾಲ್ಲೂಕು